ಹಿತ್ತಿಲ ಬಾಗಿಲು ಅಳಿಸಿದವರು

ನಮ್ಮೂರಿನ ಹಿತ್ತಿಲ ಬಾಗಿಲುಗಳು ಒಂದು ಮಂಗಳವಾರ ಮಧ್ಯಾಹ್ನ ಊಟದ ಹೊತ್ತಿಗೆ ಹೋದವು. ನಾನು ಆಗಷ್ಟೇ ಕಚೇರಿಯಿಂದ ಬಂದು ತಟ್ಟೆಯ ಮುಂದೆ ಕೂತಿದ್ದೆ. ನನ್ನ ಹೆಂಡತಿ ಸುನಂದ ಅಕ್ಕಿ ತೊಳೆದ ನೀರು ಚೆಲ್ಲಲು ಹಿತ್ತಿಲಿಗೆ ಹೊರಟವಳು ಬಾಗಿಲಿದ್ದ ಜಾಗದ ಗೋಡೆಗೆ ಎರಚಿ, ಅರ್ಧ ನೀರು ತನ್ನ ಮೈಮೇಲೇ ಹಾರಿಸಿಕೊಂಡು ವಾಪಸ್ ಬಂದಳು. ಬೇರೆ ಊರಿನ ಹೆಂಗಸಾಗಿದ್ದರೆ ಕಿರುಚಿಕೊಳ್ಳುತ್ತಿದ್ದಳು. ಇವಳು ಸೊಂಟದ ಮೇಲೆ ಕೈಯಿಟ್ಟು, "ರೀ, ನಿಮ್ ಆಫೀಸಲ್ಲಿ ಯಾರು ಯಾವ ಕಾಲಂ ಕಿತ್ತಾಕಿದ್ರು?" ಎಂದು ಕೇಳಿದಳು. ನಮ್ಮೂರಲ್ಲಿ ಏನಾದರೂ ಕಾಣೆಯಾದರೆ ಮೊದಲು ಕೇಳುವ ಪ್ರಶ್ನೆ ಅದೇ.

ನಮ್ಮ ಪುರಸಭೆಯಲ್ಲಿ ಮನೆ ಪುಸ್ತಕ ಅಂತ ಒಂದಿದೆ. ಒಂದು ಮನೆಗೆ ಒಂದು ಸಾಲು. ಬಾಗಿಲು, ಕಿಟಕಿ, ಒಲೆ, ಬಾವಿ, ಜಗಲಿ ಎಂದು ಒಂದೊಂದಕ್ಕೆ ಒಂದೊಂದು ಕಾಲಂ. ಪುಸ್ತಕದಲ್ಲಿ ಕಾಲಂ ಇದ್ದರೆ ಊರಲ್ಲಿ ಆ ವಸ್ತು ಇರುತ್ತದೆ, ಇಲ್ಲದಿದ್ದರೆ ಇಲ್ಲ. ನಿಮ್ಮೊಬ್ಬರ ಸಾಲಿನಲ್ಲಿ ಬಾಗಿಲಿನ ಜಾಗಕ್ಕೆ 'ಬೇಡ' ಎಂದು ಬರೆದುಕೊಂಡರೆ ಏನೂ ಆಗುವುದಿಲ್ಲ, ಊರು ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳುವುದಿಲ್ಲ. ಕಾಲಂ ಹೋದರೆ ಮಾತ್ರ ಎಲ್ಲರದೂ ಒಟ್ಟಿಗೆ ಹೋಗುತ್ತದೆ. ಬೀಗದ ಕಾಲಂ ಅನ್ನು ನಮ್ಮ ಹಿರಿಯರು ಬರೆಯಲೇ ಇಲ್ಲ. ಹಾಗಾಗಿ ನಮ್ಮೂರಲ್ಲಿ ಬೀಗವಿಲ್ಲ. ಹಿಂದೊಮ್ಮೆ ಒಬ್ಬ ವ್ಯಾಪಾರಿ ಎರಡು ಪೆಟ್ಟಿಗೆ ಬೀಗ ಹೊತ್ತು ತಂದ. ಊರ ಕಮಾನು ದಾಟುವಷ್ಟರಲ್ಲಿ ಪೆಟ್ಟಿಗೆ ಹಗುರಾಯಿತಂತೆ, ತೆಗೆದು ನೋಡಿದರೆ ಬರೀ ಹುಲ್ಲು. ಹೊರಗಿನಿಂದ ಬಾಗಿಲಿಗೆ ಹಗ್ಗ ಬಿಗಿದರೂ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ. ನಮಗೆ ಅಭ್ಯಾಸವಾಗಿದೆ.

ಪುಸ್ತಕ ಕಾಗದದ್ದಾಗಿದ್ದ ಕಾಲದಲ್ಲಿ ಕಾಲಂ ಎಳೆಯುವ ರೂಲುದೊಣ್ಣೆ ಮತ್ತು ಕೆಂಪು ಮಸಿಯನ್ನು ಹೆಡ್ ಗುಮಾಸ್ತರು ತಮ್ಮ ಮೇಜಿನಲ್ಲಿಟ್ಟುಕೊಂಡು ಕಾಯುತ್ತಿದ್ದರು. ಶನಿವಾರದ ಊರ ಸಭೆ ಒಪ್ಪದೆ ಒಂದು ಗೆರೆಯನ್ನೂ ಎಳೆಯುವಂತಿರಲಿಲ್ಲ, ಅಳಿಸುವಂತಿರಲಿಲ್ಲ. ಮೀರಿದವರ ಮನೆಯ ಸಾಲನ್ನೇ ಪುಸ್ತಕದಿಂದ ಹೊಡೆದು ಹಾಕುವುದು ನಿಯಮ. ನಾನು ಚಿಕ್ಕವನಿದ್ದಾಗ ಅದು ಒಮ್ಮೆ ನಡೆದಿತ್ತು. ನಿದ್ದೆಗೇಡಿ ಮರಿಯಪ್ಪ ಎಂಬಾತ ಕದ್ದು ಹೋಗಿ ಹುಂಜದ ಕಾಲಂಗೆ ಮಸಿ ಬಳಿದ. ಊರಿಗೆ ಊರೇ ಹೊತ್ತೇರುವವರೆಗೆ ಮಲಗಿತು. ಸಭೆ ಹುಂಜದ ಕಾಲಂ ಮತ್ತೆ ಎಳೆಸಿ ಅವನ ಸಾಲು ಹೊಡೆಯಿತು. ಮಾರನೇ ದಿನ ನೋಡಿದರೆ ಅವನ ಮನೆಯಿದ್ದ ಜಾಗವೇ ಇಲ್ಲ. ಎಡಗಡೆ ಮನೆಯೂ ಬಲಗಡೆ ಮನೆಯೂ ಗೋಡೆಗೆ ಗೋಡೆ ತಾಗಿಸಿಕೊಂಡು ನಿಂತಿದ್ದವು. ಮರಿಯಪ್ಪ ಹೆಂಡತಿ ಮಕ್ಕಳನ್ನು ಕರೆದುಕೊಂಡು ಕಮಾನು ದಾಟಿ ಹೋಗುವಾಗ ನಮ್ಮ ಹುಂಜಗಳು ಬೀದಿಯುದ್ದಕ್ಕೂ ಕೂಗಿದವು. ಅದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಈಗ ಪುಸ್ತಕ ಕಂಪ್ಯೂಟರಿನಲ್ಲಿದೆ. ಹಿಂದಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಸರ್ವರ್ ಕೂತಿದೆ, ಅದನ್ನು ನೋಡಿಕೊಳ್ಳುವವನು ನಾನು. ಊರವರು ನನ್ನನ್ನು ಸರ್ವರ್ ತಿಪ್ಪೇಶಿ ಅನ್ನುತ್ತಾರೆ. ಹೊಸಬರು ಕೇಳಿ ನಾನು ಹೋಟೆಲಿನಲ್ಲಿ ಇಡ್ಲಿ ಕೊಡುವವನು ಅಂದುಕೊಳ್ಳುತ್ತಾರೆ. ಕಚೇರಿಯಲ್ಲಿ ನಾವು ನಾಲ್ಕೇ ಜನ. ಮುಖ್ಯಾಧಿಕಾರಿ ನಂಜರಾಜಯ್ಯನವರು, ಹದಿನೇಳು ವರ್ಷದಿಂದ ಟೈಪು ಮಾಡುತ್ತಾ ಬಂದಿರುವ ಜಲಜಮ್ಮ, ಅಟೆಂಡರ್ ಚೌಡಪ್ಪ, ಮತ್ತೆ ನಾನು. ರೂಲುದೊಣ್ಣೆಯನ್ನು ಅಷ್ಟು ಜೋಪಾನ ಮಾಡಿದ ಕಚೇರಿಯಲ್ಲಿ ನಾವು ಮಾಡಿದ ಘನಕಾರ್ಯವೇನೆಂದರೆ, ನಾಲ್ವರಿಗೂ ಸೇರಿ 'ಕಚೇರಿ' ಎಂಬ ಒಂದೇ ಹೆಸರು ಇಟ್ಟುಕೊಂಡು, ಅದರ ಪಾಸ್‌ವರ್ಡನ್ನು ಮರೆಯದಿರಲೆಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದು. ಅರ್ಜಿ ಕೊಡಲು ಬಂದವರೂ ಅದನ್ನು ಓದಿಕೊಂಡು ಹೋಗುತ್ತಿದ್ದರು.

ಊಟ ಬಿಟ್ಟು ಕಚೇರಿಗೆ ಓಡಿದೆ. ಹಿತ್ತಿಲ ಬಾಗಿಲಿನ ಕಾಲಂ ಇರಲಿಲ್ಲ. ಯಾರು ತೆಗೆದರು ಎಂಬುದಕ್ಕೆ ಒಂದು ಗುರುತೂ ಇರಲಿಲ್ಲ. ನಂಜರಾಜಯ್ಯನವರು ಮೂಗಿನ ತುದಿಯ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಕಾಲಂ ವಾಪಸ್ ಹಾಕ್ಬಿಡ್ಲಾ ಸಾರ್?" ಎಂದೆ.

"ಸಭೆ ಒಪ್ಪದೆ ಹಾಕೋದೂ ತಪ್ಪೇ. ಮೊದ್ಲು ಕಳ್ಳ, ಆಮೇಲೆ ಬಾಗ್ಲು," ಅಂದರು. "ಸರ್ವರ್ ನಿನ್ ಕೈಲಿರೋದು ತಿಪ್ಪೇಶಿ. ಜನ ಏನ್ ಮಾತಾಡ್ತಾರೆ ಅಂತ ನಾನೇನ್ ಬಾಯ್ಬಿಟ್ಟು ಹೇಳ್ಬೇಕಾಗಿಲ್ಲ."

ಹೇಳಬೇಕಾಗಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಬೀದಿಯಲ್ಲಿ ತಲೆ ತಗ್ಗಿಸಿ ನಡೆಯತೊಡಗಿದೆ. ನಾನೇನೂ ಮಾಡಿರಲಿಲ್ಲ. ಆದರೂ ಮರಿಯಪ್ಪನ ಮನೆ ಇದ್ದ ಜಾಗ ದಾಟುವಾಗೆಲ್ಲ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದೆ.

ಊರೇನೋ ಹೊಂದಿಕೊಂಡಿತು. ಹಿಂದಿನಿಂದ ಹೋಗುತ್ತಿದ್ದ ಕಸ ಮುಂದಿನಿಂದ ಹೋಗತೊಡಗಿತು. ಅತ್ತೆಗೆ ಕಾಣದಂತೆ ಪಕ್ಕದ ಮನೆಗೆ ಹೋಗಿ ಬರುತ್ತಿದ್ದ ಸೊಸೆಯರು ನಡುಮನೆ ಹಾದೇ ಹೋಗಬೇಕಾಯಿತು, ಆಮೇಲಾಮೇಲೆ ಅತ್ತೆಯರೂ ಜೊತೆಗೆ ಹೊರಟರು. ಹಿತ್ತಿಲ ಕರಿಬೇವು ಬೇಕಾದವರು ಕಿಟಕಿಯಿಂದ ಕೈ ಚಾಚಿ ಕಿತ್ತುಕೊಂಡರು. ಸುನಂದ ಮಾತ್ರ ಪ್ರತಿ ಸಲ ಬಕೆಟ್ಟು ಹೊತ್ತು ಮನೆ ಸುತ್ತು ಹಾಕಿ ಬಂದಾಗಲೂ, "ಬಾಗ್ಲು ತೆಗೆದೋರ ಕೈ ಸೇದೋಗ" ಎಂದು ಶಾಪ ಹಾಕುತ್ತಿದ್ದಳು.

ಸರ್ವರ್ ತನ್ನದೇ ಒಂದು ದಿನಚರಿ ಬರೆಯಬಲ್ಲದು. ಅದಕ್ಕೆ ಲಾಗ್ ಅನ್ನುತ್ತಾರೆ. ಏನನ್ನು ಬರೆದುಕೊಳ್ಳಬೇಕು ಎಂದು ಒಂದು ಫೈಲಿನಲ್ಲಿ ನಾವು ಹೇಳಿಡಬೇಕು. ಏನೂ ಬರೆಯಬೇಡ ಅನ್ನಬಹುದು; ಕಾಲಂ, ಪಟ್ಟಿ ಇಂಥ ರಚನೆಯನ್ನೇ ಯಾರಾದರೂ ಬದಲಾಯಿಸಿದರೆ ಮಾತ್ರ ಬರೆ ಅನ್ನಬಹುದು; ಅದರ ಜೊತೆಗೆ ಸಾಲುಗಳಲ್ಲಿ ಆಗುವ ತಿದ್ದುಪಡಿಯನ್ನೂ ಬರೆ ಅನ್ನಬಹುದು; ಇಲ್ಲವೇ ಕೇಳಿದ್ದು ಕೆಮ್ಮಿದ್ದು ಎಲ್ಲವನ್ನೂ ಬರೆ ಅನ್ನಬಹುದು. ನಮ್ಮದು ಇಷ್ಟು ವರ್ಷವೂ 'ಏನೂ ಬರೆಯಬೇಡ' ಎಂದೇ ಇತ್ತು. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬಂತೆ ನಾನು ಆ ಫೈಲು ತೆರೆದೆ. ಹೆದರಿದ್ದೆನಲ್ಲ, ಎಲ್ಲವನ್ನೂ ಬರೆ ಅಂದುಬಿಟ್ಟು ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಿದೆ. ಮೂರು ಗಂಟೆಯ ಟೀ ಬರುವಷ್ಟರಲ್ಲಿ ಡಿಸ್ಕು ತುಂಬಿ ಸರ್ವರ್ ಉಸಿರುಗಟ್ಟಿ ನಿಂತಿತು. ಬರೆದುಕೊಂಡಿದ್ದನ್ನು ಓದಿ ನೋಡಿದರೆ, ನಂಜರಾಜಯ್ಯನವರ ಮನೆಯ ಸಾಲು ಇನ್ನೂ ಇದೆಯೇ ಎಂದು ಬೆಳಗಿನಿಂದ ಹನ್ನೊಂದು ಸಲ ಯಾರೋ ತೆಗೆದು ನೋಡಿದ್ದರು, ಅವರಲ್ಲದೆ ಇನ್ಯಾರು. ನಾನೊಬ್ಬನೇ ಹೆದರಿದವನಲ್ಲ ಎಂದು ಸ್ವಲ್ಪ ಸಮಾಧಾನವಾಯಿತು.

ಆಮೇಲೆ ಎರಡನೆಯದನ್ನೇ ಆರಿಸಿ, ರಚನೆ ಬದಲಾದರೆ ಮಾತ್ರ ಬರೆ ಎಂದು ತಿದ್ದಿದೆ. ಪ್ರತಿ ಸಾಲಿನ ಮೊದಲಲ್ಲಿ ದಿನ, ಗಂಟೆ, ಮಾಡಿದವರ ಹೆಸರು ಬರಲಿ ಎಂದು ಸೇರಿಸಿದೆ. ನಾಲ್ವರಿಗೂ ಬೇರೆ ಬೇರೆ ಹೆಸರು, ಬೇರೆ ಬೇರೆ ಪಾಸ್‌ವರ್ಡು ಮಾಡಿಕೊಟ್ಟೆ. ನಂಜರಾಜಯ್ಯನವರು ತಮ್ಮದನ್ನು ಮಾರನೇ ದಿನವೇ ಮರೆತರು. ಅವರಿಗಾಗಿ ಹಳೆಯ 'ಕಚೇರಿ' ಹೆಸರನ್ನೂ ಹಾಗೇ ಬಿಟ್ಟೆ. ಗೋಡೆಯ ಸೀಮೆಸುಣ್ಣವೂ ಹಾಗೇ ಉಳಿಯಿತು.

ಒಂಬತ್ತು ದಿನ ಕಳೆಯಿತು. ಒಂಬತ್ತನೆಯ ದಿನ ನಮ್ಮೂರಿನ ಜಗಲಿಗಳು ಹೋದವು. ಕೂತವರು ಕೂತ ಹಾಗೇ ನೆಲಕ್ಕೆ ಬಂದರು. ಪುಣ್ಯಕ್ಕೆ ಯಾರ ಮೂಳೆಯೂ ಮುರಿಯಲಿಲ್ಲ. ನಾನು ಒಳಗೊಳಗೇ ಖುಷಿಪಟ್ಟು, ಸಿಕ್ಕಿಬಿದ್ದ ಮಗ ಎಂದುಕೊಂಡು ಲಾಗ್ ತೆರೆದೆ. ಖಾಲಿ. ಒಂದಕ್ಷರವೂ ಇಲ್ಲ. ನಂಜರಾಜಯ್ಯನವರು ನನ್ನ ಬೆನ್ನ ಹಿಂದೆ ನಿಂತು ಆ ಖಾಲಿಯನ್ನು ಬಹಳ ಹೊತ್ತು ನೋಡಿದರು.

"ಬರೋ ಶನಿವಾರದ ಸಭೇಲಿ ನಂಗೊಂದು ಹೆಸರು ಬೇಕು," ಅಂದರು. "ಇಲ್ಲಾಂದ್ರೆ ನಿನ್ ಹೆಸರೇ ಬರ್ಕೋಬೇಕಾಗತ್ತೆ. ನಂಗೇನೂ ಖುಷಿ ಇಲ್ಲಪ್ಪ ಅದ್ರಲ್ಲಿ."

ಅವರು ಹೋದ ಮೇಲೆ ಜಲಜಮ್ಮ ತಮ್ಮ ಕುರ್ಚಿಯಿಂದ ಎದ್ದು ಬಂದರು. ಮಾತು ಕಡಿಮೆಯ ಹೆಂಗಸು. ಕೆರೆಬೀದಿಯ ಮುನ್ನೂರ ಹದಿನೇಳನೇ ಮನೆಯಲ್ಲಿ ತಮ್ಮನ್ನು ಸಾಕಿ ಬೆಳೆಸಿದ ಅಕ್ಕನ ಜೊತೆ ಇರುವವರು. ಮದುವೆ ಗಿದುವೆ ಅಂತ ಇಬ್ಬರೂ ತಲೆ ಕೆಡಿಸಿಕೊಳ್ಳಲಿಲ್ಲ. ಆ ಅಕ್ಕ ಅಂದರೆ ಗೌರಕ್ಕ, ಬಾಲವಾಡಿ ಟೀಚರು. ಊರಿನ ಮುಕ್ಕಾಲು ಪಾಲು ಜನಕ್ಕೆ ಅಕ್ಷರ ತಿದ್ದಿಸಿದವರು, ನನಗೂ. ಇತ್ತೀಚೆಗೆ ಅವರು ಹೊರಗೆ ಹೆಚ್ಚು ಕಾಣುತ್ತಿರಲಿಲ್ಲ. ನಾನು ವಿಚಾರಿಸಿಯೂ ಇರಲಿಲ್ಲ.

"ತಿಪ್ಪೇಶಣ್ಣ, ಎರಡನೇ ಸಲ ಫೈಲ್ ತಿದ್ದಿದ್ಮೇಲೆ ಸರ್ವರ್‌ಗೆ ಅದನ್ನ ಮತ್ತೆ ಓದ್ಕೊ ಅಂತ ಹೇಳಿದ್ರಾ?" ಎಂದು ಕೇಳಿದರು ಜಲಜಮ್ಮ.

ನಾನು ಹಣೆ ಚಚ್ಚಿಕೊಂಡೆ. ಹೇಳಿರಲಿಲ್ಲ. ಉಸಿರುಗಟ್ಟಿದ ಯಂತ್ರವನ್ನು ಬದುಕಿಸುವ ಗಡಿಬಿಡಿಯಲ್ಲಿ ಹಳೆಯ 'ಏನೂ ಬರೆಯಬೇಡ' ಫೈಲಿನಲ್ಲೇ ಅದನ್ನು ಎಬ್ಬಿಸಿ, ಹೊಸದನ್ನು ಆಮೇಲೆ ತಿದ್ದಿಟ್ಟಿದ್ದೆ. ಅದು ಪಾಪ ಹಳೆಯ ಅಪ್ಪಣೆಯನ್ನೇ ಪಾಲಿಸುತ್ತಾ ಒಂಬತ್ತು ದಿನ ಬಾಯಿ ಮುಚ್ಚಿಕೊಂಡು ಕೂತಿತ್ತು. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು, ನಿಲ್ಲಿಸಿ ಹಚ್ಚುವುದೂ ಬೇಕಿರಲಿಲ್ಲ. ಜಲಜಮ್ಮ ಪಕ್ಕದಲ್ಲೇ ನಿಂತಿದ್ದರು, ಆ ಮಾತು ಹೇಳಿದೆ. ಪರೀಕ್ಷೆಗೆಂದು ಒಂದು ಸುಳ್ಳು ಪಟ್ಟಿ ಮಾಡಿ ಅಳಿಸಿದೆ. ಲಾಗಿನಲ್ಲಿ ಎರಡು ಸಾಲು ಠಣ್ಣನೆ ಮೂಡಿದವು, ನನ್ನ ಹೆಸರಿನ ಸಮೇತ.

"ಇನ್ಮೇಲೆ ಬರ್ಕೊಳ್ಳತ್ತೆ," ಅಂದೆ.

"ಬರ್ಕೊಳ್ಳಿ," ಅಂದರು ಜಲಜಮ್ಮ. ಒಂದು ಕ್ಷಣ ತೆರೆಯನ್ನೇ ನೋಡಿ, ಸೆರಗು ಸರಿಮಾಡಿಕೊಂಡು ತಮ್ಮ ಜಾಗಕ್ಕೆ ಹೋದರು.

ಜಗಲಿ ಇಲ್ಲದ ಊರು ವಿಚಿತ್ರವಾಗಿತ್ತು. ಜಗಲಿಯಲ್ಲಿ ಕೂತೇ ಮಾತು ಮುಗಿಸುತ್ತಿದ್ದವರನ್ನು ಈಗ ಒಳಗೆ ಕರೆಯಬೇಕು, ಕರೆದ ಮೇಲೆ ಕಾಫಿ ಕೊಡಬೇಕು. ಕಾಫಿಪುಡಿ ಅಂಗಡಿಯವನು ಒಬ್ಬನೇ ನಗುತ್ತಿದ್ದ. ನಮ್ಮ ಮನೆಗೆ ಮಾತ್ರ ಯಾರೂ ಬರಲಿಲ್ಲ. ಸುನಂದ ಗುರುವಾರ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆ ಇಳಿಸಿ ಹಳೇ ಸೀರೆಯಲ್ಲಿ ಸುತ್ತತೊಡಗಿದಳು. ನಾನು ಪಕ್ಕದಲ್ಲಿ ಕೂತು ಗಂಟು ಬಿಗಿದುಕೊಟ್ಟೆ.

ಶುಕ್ರವಾರ ಬೆಳಗ್ಗೆ ಲಾಗ್ ತೆರೆದೆ. ನನ್ನ ಪರೀಕ್ಷೆಯ ಎರಡು ಸಾಲುಗಳ ಕೆಳಗೆ ಹೊಸದಾಗಿ ಮೂರು ಸಾಲುಗಳಿದ್ದವು. ಮಂಗಳವಾರ ಮೂರೂವರೆ, ಬುಧವಾರ ಮೂರೂವರೆ, ಗುರುವಾರ ಮೂರೂವರೆ. ಆ ಮೂರರಲ್ಲೂ ಹೆಸರು ಜಲಜಾ. ಮೂರರಲ್ಲೂ ಒಂದೇ ಅಪ್ಪಣೆ: ಮನೆ ಪುಸ್ತಕಕ್ಕೆ 'ಬೀಗ' ಎಂಬ ಕಾಲಂ ಸೇರಿಸು.

ಎದ್ದು ಕಚೇರಿಯ ಬಾಗಿಲು ನೋಡಿದೆ, ಬೀಗವಿಲ್ಲ. ಬೀರು ನೋಡಿದೆ, ಇಲ್ಲ. ಚೌಡಪ್ಪನನ್ನು ಕರೆದು, "ನಿಮ್ಮನೆ ಬಾಗ್ಲಲ್ಲಿ ಬೀಗ ಏನಾದ್ರೂ ನೇತಾಡ್ತಿತ್ತೇನಪ್ಪ?" ಎಂದೆ. ಅವನು, "ಸಾರ್, ನೀವು ಎರಡು ದಿನ ರಜಾ ತಗೊಳ್ಳಿ," ಅಂದ. ಪುಸ್ತಕ ತೆರೆದೆ. ಅಲ್ಲೂ ಬೀಗದ ಕಾಲಂ ಇರಲಿಲ್ಲ.

ಆಮೇಲೆ ತಿಳಿಯಿತು. ಸರ್ವರ್‌ಗೆ ಅಪ್ಪಣೆ ಕೊಡುವಾಗ ಒಂದು ಅನುಕೂಲವಿದೆ: ಶುರು ಎಂದು ಹೇಳಿ, ಮಾಡಬೇಕಾದ್ದನ್ನು ಬರೆದು, ಕೊನೆಯಲ್ಲಿ 'ಖಾಯಂ ಮಾಡು' ಅನ್ನಬಹುದು ಅಥವಾ 'ವಾಪಸ್ ತಗೊ' ಅನ್ನಬಹುದು. ವಾಪಸ್ ಅಂದರೆ ಪುಸ್ತಕದಲ್ಲಿ ಏನೂ ಆಗಿರುವುದಿಲ್ಲ, ಊರಿಗೂ ಗೊತ್ತಾಗುವುದಿಲ್ಲ. ಆದರೆ ಲಾಗ್ ಆಡಿದ ಮಾತನ್ನು ಆಡಿದ ಕ್ಷಣದಲ್ಲೇ ಬರೆದುಕೊಂಡುಬಿಟ್ಟಿರುತ್ತದೆ. ವಾಪಸ್ ತಗೊಂಡದ್ದನ್ನು ಬರೆಯುವುದಿಲ್ಲ. ಮೂರು ದಿನ ಈ ಹೆಂಗಸು ಊರಿಗೆಲ್ಲ ಬೀಗ ಹಾಕಲು ಕೂತು, ಮೂರು ದಿನವೂ ಬೇಡವೆಂದು ಎದ್ದು ಹೋಗಿದ್ದರು. ದಿನಾ ಮೂರೂಮುಕ್ಕಾಲಿಗೆ ಏನಾದರೊಂದು ನೆಪ ಹೇಳಿ ಮನೆಗೆ ಹೋಗುತ್ತಿದ್ದದ್ದು ಆಗ ನೆನಪಾಯಿತು.

ಆ ದಿನ ನಾನೂ ಅವರ ಹಿಂದೆಯೇ ಹೋದೆ. ಮುನ್ನೂರ ಹದಿನೇಳರ ಬಾಗಿಲು ತೆರೆದೇ ಇತ್ತು. ಗೌರಕ್ಕ ಚಪ್ಪಲಿ ಮೆಟ್ಟಿ, ಕೈಯಲ್ಲಿ ಸ್ಲೇಟು ಹಿಡಿದು ಹೊರಡಲು ನಿಂತಿದ್ದರು. ಜಲಜಮ್ಮ ಅವರ ಭುಜ ಹಿಡಿದುಕೊಂಡಿದ್ದರು. ಅರವತ್ತು ದಾಟಿರಲಿಲ್ಲ ಗೌರಕ್ಕನಿಗೆ. ಕೂದಲು ಮಾತ್ರ ಪೂರ್ತಿ ಬೆಳ್ಳಗಾಗಿತ್ತು.

"ಬಿಡೇ, ಬೆಲ್ ಆಗೋಯ್ತು. ಮಕ್ಳು ಕಾಯ್ತಿರ್ತವೆ," ಎನ್ನುತ್ತಿದ್ದ ಗೌರಕ್ಕ ನನ್ನನ್ನು ನೋಡಿ ನಿಂತರು. "ಯಾರ ಮಗನಪ್ಪ ನೀನು?"

"ನಿಂಗಮ್ಮನ ಮಗ, ತಿಪ್ಪೇಶಿ."

"ತಿಪ್ಪೇಶಿನಾ? ಸುಳ್ಳು ಹೇಳ್ಬಾರ್ದು. ಅವ್ನು ಇಷ್ಟುದ್ದ ಇದಾನೆ. 'ಳ' ಬರಿ ಅಂದ್ರೆ ಅಳ್ತಾನೆ," ಎಂದು ಕೈ ತಗ್ಗಿಸಿ ನನ್ನ ಎತ್ತರ ತೋರಿಸಿದರು. ನಿಜ, ಅಳುತ್ತಿದ್ದೆ.

ಅಕ್ಕನನ್ನು ಕೂರಿಸಿ ಅವಲಕ್ಕಿ ಕೊಟ್ಟು ಬಂದ ಜಲಜಮ್ಮ ಬಾಗಿಲಿಗೆ ಅಡ್ಡವಾಗಿ ನೆಲದ ಮೇಲೆ ಕೂತು ಎಲ್ಲ ಹೇಳಿದರು. ಬಾಲವಾಡಿ ಹಿಂದೆ ಕೆರೆಯ ಆಚೆ ದಡದಲ್ಲಿತ್ತು, ಈಗಿಲ್ಲ. ಗೌರಕ್ಕ ಒಂದು ದಿನ ಹಿತ್ತಿಲ ಬಾಗಿಲಿನಿಂದ ಹೊರಟು ನೇರ ಕೆರೆಗಿಳಿದಿದ್ದರು. ಸೊಂಟದುದ್ದ ನೀರಲ್ಲಿ ನಿಂತು ಹಾಜರಿ ಕೂಗುತ್ತಿದ್ದರಂತೆ. ಮಾರನೇ ದಿನ ಜಲಜಮ್ಮ ಹಿತ್ತಿಲ ಬಾಗಿಲು ಅಳಿಸಿದರು. ಅದಾದ ಮೇಲೆ ಗೌರಕ್ಕ ಜಗಲಿಯಲ್ಲಿ ಕೂರತೊಡಗಿದರು; ಅಲ್ಲಿಂದ ಶಾಲೆ ಬಿಟ್ಟ ಮಕ್ಕಳು ಕಂಡರೆ ಅವರ ಹಿಂದೆಯೇ ಹೊರಟುಬಿಡುತ್ತಿದ್ದರು. ಜಗಲಿಯೂ ಹೋಯಿತು.

"ನಮ್ಮನೆ ಒಂದರದ್ದೇ ತೆಗೆಯಕ್ಕೆ ಬಂದಿದ್ರೆ ಅಷ್ಟೇ ತೆಗೀತಿದ್ದೆ ಅಣ್ಣ. ಬರಲ್ಲವಲ್ಲ," ಅಂದರು.

"ಬೀಗ?"

"ಟೈಪ್ ಮಾಡ್ತೀನಿ. ಆಮೇಲೆ ಅಕ್ಕ ಒಳಗಿಂದ ಬಾಗ್ಲು ತಟ್ಟೋ ಸದ್ದು ಕೇಳ್ದಂಗಾಗತ್ತೆ. ಎಲ್ರ ಮನೇಲೂ ಯಾರೋ ಒಬ್ರು ಒಳಗಿಂದ ತಟ್ಟೋದು. ಆಗಲ್ಲ ನಂಗೆ. ವಾಪಸ್ ತಗೋತೀನಿ."

ನನಗೆ ಒಂದು ಪ್ರಶ್ನೆ ಉಳಿದಿತ್ತು. "ಹಳೇ ಹೆಸರು ಹಂಗೇ ಇತ್ತಲ್ಲಮ್ಮ, ಗೋಡೆ ಮೇಲೇ ಬರ್ದಿದೆ. ಅದ್ರಲ್ಲಿ ಮಾಡಿದ್ರೆ ಯಾರು ಅಂತ ಗೊತ್ತಾಗ್ತಿರ್ಲಿಲ್ಲ. ನಿಮ್ ಹೆಸರಲ್ಲೇ ಯಾಕೆ ಮಾಡಿದ್ರಿ? ಫೈಲ್ ಓದ್ಕೊಳ್ಳಕ್ಕೆ ಹೇಳಿ ಅಂದೋರೂ ನೀವೇ."

"ಅಕ್ಕಂಗೆ ಹಿಂಗಾಗಿ ಒಂದು ವರ್ಷ ಆಯ್ತು ಅಣ್ಣ. ಎಲ್ರೂ ಅಕ್ಕ ಚೆನ್ನಾಗಿದಾರಾ ಅಂತಾರೆ. ಹೂಂ ಅಂತೀನಿ. ಹೊರಟೋಗ್ತಾರೆ. ಯಾರಾದ್ರೂ ಒಬ್ರು ಬಂದು, ಯಾಕಮ್ಮ ಹಿಂಗ್ ಮಾಡ್ದೆ ಅಂತ ಬೈಲಿ ಅನ್ನಿಸ್ತು," ಎಂದು ಕಣ್ಣೊರೆಸಿಕೊಂಡರು. "ನಾಳೆ ಸಭೇಲಿ ಓದ್ಬಿಡಿ. ನಿಮ್ಮನೆ ಸಾಲು ಉಳೀಲಿ."

ನಾನು ಅಷ್ಟನ್ನೂ ಕೇಳಿದವನಲ್ಲ. ಪಕ್ಕದ ಮೇಜಿನವನು. ಮನೆಗೆ ಬಂದು ಸುನಂದಳಿಗೆ ಹೇಳಿದೆ. ಅವಳು ಸೀರೆಯಲ್ಲಿ ಸುತ್ತಿದ್ದ ಕೊಳದಪ್ಪಲೆಯನ್ನು ಮಡಿಲಲ್ಲಿಟ್ಟುಕೊಂಡು ಬಿಚ್ಚತೊಡಗಿದಳು. "ಕೈ ಸೇದೋಗ ಅಂದಿದ್ನಲ್ರೀ," ಅಂದಳು. "ಎಷ್ಟ್ ಸಲ ಅಂದೆ."

ಶನಿವಾರದ ಸಭೆಗೆ ಊರೇ ನೆರೆದಿತ್ತು. ನಾನು ಲಾಗಿನ ಕಾಗದ ಹಿಡಿದು ನಿಂತಾಗ ಜನ ನನ್ನನ್ನು ನೋಡಿದ ನೋಟದಲ್ಲೇ ಅರ್ಧ ಶಿಕ್ಷೆ ಮುಗಿದಿತ್ತು. ಜಲಜಮ್ಮ ತಾವೇ ಎದ್ದು ನಿಂತು, ಹಿತ್ತಿಲ ಬಾಗಿಲು ಮತ್ತು ಜಗಲಿ ತೆಗೆದವಳು ನಾನು ಎಂದು ಹೇಳಿದರು. ಗದ್ದಲ ಎದ್ದಿತು. ನಾನು ಅದರ ನಡುವೆಯೇ ಮೂರು ಸಾಲುಗಳನ್ನು ಓದಿದೆ, ದಿನ, ಗಂಟೆ, ಹೆಸರು ಸಮೇತ. ಬೀಗ ಎಂದಾಕ್ಷಣ ಎಲ್ಲರೂ ತಿರುಗಿ ಸಭಾಂಗಣದ ಬಾಗಿಲು ನೋಡಿದರು. ಅಲ್ಲಿ ಏನೂ ಇರಲಿಲ್ಲ. ಯಾಕೆ ಇರಲಿಲ್ಲ ಎಂಬುದನ್ನು, ಕೆರೆಯ ನೀರಲ್ಲಿ ಹಾಜರಿ ಕೂಗಿದ್ದನ್ನು, ನಾನು ಕಂಡಂತೆ ಕೇಳಿದಂತೆ ಹೇಳಿದೆ. ಗದ್ದಲ ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ ಮೀಸೆ ಹೊತ್ತ ಗಂಡಸು ಮೂಗು ಸೀಟಿದ.

ನಂಜರಾಜಯ್ಯನವರು ಕನ್ನಡಕ ಒರೆಸಿಕೊಂಡರು. "ನಿಯಮ ನಾನು ಬರೆದದ್ದಲ್ಲ," ಅಂದರು. "ಒಂದು, ಹಿತ್ತಿಲ ಬಾಗಿಲು, ಜಗಲಿ ವಾಪಸ್. ಎರಡು, ಮುನ್ನೂರ ಹದಿನೇಳರ ಸಾಲು ರದ್ದು. ಸೋಮವಾರ ಮಾಡೋದು."

ನನಗೆ ಸಿಟ್ಟು ಬಂತು. ಹುಟ್ಟಿದಾಗಿನಿಂದ ಮೇಲಧಿಕಾರಿಯ ಎದುರು ದನಿ ಎತ್ತಿದವನಲ್ಲ. "ಸಾರ್, ಒಂದು ಮಾತು. ಈ ಲಾಗ್ ಬಾಗ್ಲು ಹೋದ್ರೆ ಬರ್ಕೊಳ್ಳತ್ತೆ, ಜಗಲಿ ಹೋದ್ರೆ ಬರ್ಕೊಳ್ಳತ್ತೆ. ಸಾಲು ಅಳಿಸಿದ್ರೆ ಬರ್ಕೊಳ್ಳಲ್ಲ. ಅದು ರಚನೆ ಅಲ್ಲ ಅಂತೆ. ಗೌರಕ್ಕನ ಮನೆ ಹೋಗಿದ್ದು ಎಲ್ಲೂ ಒಂದಕ್ಷರ ಇರಲ್ಲ ಸಾರ್. ಮರಿಯಪ್ಪನ್ ಥರ, ಗೋಡೆಗೆ ಗೋಡೆ ಸೇರ್ಕೊಂಡ್ಬಿಡತ್ತೆ."

ಆಗ ಹೆಂಗಸರ ಕಡೆಯಿಂದ ಸುನಂದ ಎದ್ದಳು. "ಮೂರನೇದು ನಾನು ಹೇಳ್ತೀನಿ, ಬರ್ಕೊಳ್ಳಿ," ಅಂದಳು. "ಇನ್ನೊಂದು ಕಾಲಂ ಹಾಕಿ. ಗೌರಕ್ಕನ ಮಣೆ ಅಂತ. ಎಲ್ರ ಮನೇಲೂ ಬಾಗ್ಲ ಹತ್ರ ಒಂದು ಮಣೆ ಇರ್ಲಿ. ಅವ್ರು ಯಾವ್ ಮನೆ ಕಡೆ ಬಂದ್ರೂ ಕೂರ್ಸೋಣ. ಒಂದಕ್ಷರ ಬರ್ಸಿಕೊಳ್ಳೋಣ. ಆಮೇಲೆ ಮನೇಗೆ ಬಿಟ್ಟು ಬರೋಣ. ಯಾವ ಮನೆಗೆ ಬಿಡ್ಬೇಕು ಅನ್ನೋದನ್ನೂ ಆ ಕಾಲಮಲ್ಲೇ ಬರೀರಿ, ಮರೀಬಾರ್ದು."

ಕೈ ಎತ್ತಿ ಎಂದು ಯಾರೂ ಹೇಳಬೇಕಾಗಲಿಲ್ಲ. ನಂಜರಾಜಯ್ಯನವರು ಕೈಗಳನ್ನು ಎಣಿಸಲು ಹೋಗಿ ಬಿಟ್ಟುಬಿಟ್ಟು, "ಮೂರನೇದೂ ಆಯ್ತು," ಎಂದು ಬರೆದುಕೊಂಡರು. "ಆದ್ರೆ ಎರಡನೇದು ಎರಡನೇದೇ." ಅವರು ಕೆಟ್ಟವರಲ್ಲ. ಬರೆದದ್ದನ್ನು ಹೊಡೆದು ಹಾಕಿ ಅಭ್ಯಾಸವಿಲ್ಲದವರು, ಅಷ್ಟೇ.

ಸೋಮವಾರ ಬೆಳಗ್ಗೆ ಅವರು ನನ್ನ ಬೆನ್ನ ಹಿಂದೆ ಬಂದು ನಿಂತರು. ಮೂರು ಕೆಲಸಗಳಲ್ಲಿ ಯಾವುದು ಮೊದಲು ಎಂದು ಸಭೆ ಹೇಳಿರಲಿಲ್ಲ. ನಾನು ಮೂರನೆಯದರಿಂದ ಶುರು ಮಾಡಿದೆ. ಗೌರಕ್ಕನ ಮಣೆ ಎಂಬ ಕಾಲಂ ಸೇರಿಸಿದೆ, ಅದು ಖಾಲಿ ಬಿಡುವಂತಿಲ್ಲ ಎಂದೆ, ಎಲ್ಲ ಸಾಲುಗಳಲ್ಲೂ ಮುನ್ನೂರ ಹದಿನೇಳು ಎಂದು ತುಂಬಿದೆ. ಯಾರೂ ಮುಂದೆ ತಪ್ಪು ನಂಬರು ಬರೆದು ಗೌರಕ್ಕನನ್ನು ಇಲ್ಲದ ಮನೆಗೆ ಬಿಟ್ಟು ಬರಬಾರದಲ್ಲ, ಅದಕ್ಕೆಂದು ಆ ನಂಬರು ಪುಸ್ತಕದಲ್ಲಿರುವ ಮನೆಯದ್ದೇ ಆಗಿರಬೇಕು ಎಂಬ ಕೊಂಡಿಯನ್ನೂ ಹಾಕಿದೆ. ಇದು ಒಳ್ಳೆಯ ಪದ್ಧತಿ, ಯಾರನ್ನು ಬೇಕಾದರೂ ಕೇಳಿ. ಮುಂದೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತೋ ಇಲ್ಲವೋ ಎಂಬುದನ್ನು ಮಾತ್ರ ಕೇಳಬೇಡಿ. ಕೊಂಡಿ ಬಿಗಿದ ಕೂಡಲೇ ನಂಜರಾಜಯ್ಯನವರ ಕೋಣೆಯ ಬಾಗಿಲ ಪಕ್ಕ ಒಂದು ಹಲಸಿನ ಮರದ ಮಣೆ ಬಂದು ಕೂತಿತು. ಆಮೇಲೆ ಹಿತ್ತಿಲ ಬಾಗಿಲು ಸೇರಿಸಿದೆ, ಜಗಲಿ ಸೇರಿಸಿದೆ. ಹೊರಗೆ ಬೀದಿಯಲ್ಲಿ ಹೋ ಎಂದು ಸದ್ದಾಯಿತು. ಜಲಜಮ್ಮ ತಮ್ಮ ಕುರ್ಚಿಯಲ್ಲಿ ಕೈ ಕಟ್ಟಿ ಕೂತಿದ್ದರು. ಬೆಳಗ್ಗೆಯೇ ಗಂಟುಮೂಟೆ ಕಟ್ಟಿಟ್ಟು ಬಂದಿದ್ದರಂತೆ.

"ಈಗ ಎರಡನೇದು," ಅಂದರು ನಂಜರಾಜಯ್ಯನವರು. ಅವರ ದನಿ ಕ್ಷೀಣವಾಗಿತ್ತು.

ಮುನ್ನೂರ ಹದಿನೇಳರ ಸಾಲು ಅಳಿಸು ಎಂದು ಬರೆದು ಒತ್ತಿದೆ. ಸರ್ವರ್ ಒಂದು ಗಳಿಗೆ ಯೋಚಿಸಿತು. ಆಮೇಲೆ ತೆರೆಯ ಮೇಲೆ ಕೆಂಪಕ್ಷರ ಮೂಡಿತು. ನಂಜರಾಜಯ್ಯನವರು ಬಗ್ಗಿ, ಅಕ್ಷರ ಅಕ್ಷರ ಓದಿದರು: ಈ ಸಾಲನ್ನು ಅಳಿಸಲಾಗದು. ಬೇರೆ ಸಾಲುಗಳು ಇನ್ನೂ ಇದನ್ನು ನೆಚ್ಚಿಕೊಂಡಿವೆ.

"ಹಂಗಂದ್ರೆ?"

"ಈ ಮನೆ ತೆಗೆದ್ರೆ ಉಳಿದ ಸಾವಿರದ ನೂರ ಮೂವತ್ತೊಂಬತ್ತು ಮನೆಯೋರಿಗೆ ಗೌರಕ್ಕನ್ನ ಎಲ್ಲಿಗೆ ಬಿಡ್ಬೇಕು ಅಂತ ಗೊತ್ತಾಗಲ್ಲ ಸಾರ್. ಅದಕ್ಕೆ ಬಿಡಲ್ಲ ಅಂತಿದೆ."

"ನಾವು ಅಳಿಸಕ್ಕೆ ನೋಡಿದ್ವಿ ಅನ್ನೋದಾದ್ರೂ ಬರ್ಕೊಂಡಿದೆಯಾ ಅದು?"

ಲಾಗ್ ತೆರೆದು ತೋರಿಸಿದೆ. ಸುಸೂತ್ರವಾಗಿ ಅಳಿಸಿಹೋಗಿದ್ದರೆ ಅದು ಬರೆಯುತ್ತಿರಲಿಲ್ಲ. ಆಗದ ಕೆಲಸವನ್ನು ಮಾತ್ರ ತಪ್ಪು ಎಂದು ಬರೆದುಕೊಳ್ಳುತ್ತದೆ. ದಿನ, ಗಂಟೆ, ನನ್ನ ಹೆಸರು, ಕೆಳಗೆ ತಪ್ಪು ಎಂಬ ಮಾತು.

"ತಪ್ಪು ಅಂತಾನೇ ಬರ್ದಿದೆ," ಎಂದು ನಂಜರಾಜಯ್ಯನವರು ಎರಡು ಸಲ ಓದಿದರು. ಅವರ ಭುಜ ಇಳಿಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. "ಸರಿ. ಇದನ್ನ ಪ್ರಿಂಟ್ ತೆಗೆದು ಕಡತಕ್ಕೆ ಹಾಕಿ ಮುಚ್ಚಿಬಿಡು." ತಮ್ಮ ಕೋಣೆಗೆ ಹೋಗುತ್ತಾ ಜಲಜಮ್ಮನ ಮೇಜಿನ ಹತ್ತಿರ ನಿಂತರು. "ಈ ಕಡೆ ಯಾವಾಗ ಬರ್ತಾರಮ್ಮ ನಿಮ್ಮಕ್ಕ? ನಾನು ಈ ಊರಲ್ಲಿ ಓದ್ದೋನಲ್ಲ. ನಂಗೂ ಅವ್ರ ಹತ್ರ ಒಂದಕ್ಷರ ಬರೀಬೇಕು ಅಂತಿದೆ." ಜಲಜಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ನಾನೂ ಹಿಂದಿನ ಕೋಣೆಗೆ ಹೋಗಿ, ಸರ್ವರ್ ಪಕ್ಕ ನಿಂತು, ಸ್ವಲ್ಪ ಅತ್ತೆ.

ಅಂದೇ ಗೋಡೆಯ ಮೇಲಿನ ಸೀಮೆಸುಣ್ಣ ಒರೆಸಿದೆ, ಹಳೆಯ ಹೆಸರು ಮುಚ್ಚಿದೆ. ನಂಜರಾಜಯ್ಯನವರು ತಮ್ಮ ಪಾಸ್‌ವರ್ಡನ್ನು ಈಗ ವಾರಕ್ಕೊಮ್ಮೆ ಮರೆಯುತ್ತಾರೆ, ವಾರಕ್ಕೊಮ್ಮೆ ಮಾಡಿಕೊಡುತ್ತೇನೆ.

ಗೌರಕ್ಕ ನಾಲ್ಕು ಗಂಟೆಗೆ ಹೊರಡುತ್ತಾರೆ. ಕೆರೆಯ ಕಡೆ ತಿರುಗುವ ಮೊದಲೇ ಯಾವುದಾದರೊಂದು ಬಾಗಿಲಲ್ಲಿ ಮಣೆ ಕಾಣುತ್ತದೆ, ಯಾರಾದರೂ ಬನ್ನಿ ಟೀಚರ್ ಅನ್ನುತ್ತಾರೆ. ಮೊನ್ನೆ ಗುರುವಾರ ನಮ್ಮ ಹಿತ್ತಿಲ ಬಾಗಿಲಿನಿಂದ ಬಂದರು. ಮಣೆಯ ಮೇಲೆ ಕೂತು, ಯಾರ ಮಗನಪ್ಪ ಎಂದು ಕೇಳಿ, ನನ್ನ ಕೈಗೆ ಸ್ಲೇಟು ಕೊಟ್ಟರು. ನಾನು 'ಳ' ಬರೆದೆ. ಅವರು ನೋಡಿ, ಹೊಟ್ಟೆ ಸರಿಯಾಗಿ ಬಂದಿಲ್ಲ, ಮತ್ತೆ ಬರಿ ಅಂದರು. ನಾಲ್ಕನೇ ಸಲಕ್ಕೆ ಒಪ್ಪಿದರು. ಆಮೇಲೆ ಸುತ್ತಲೂ ನೋಡಿ, ಗಾಬರಿಯಾಗಿ, "ನಮ್ಮನೆ ಎಲ್ಲಪ್ಪ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಮನೆಯ ಮೂರು ವರ್ಷದ ಕೂಸು ಕಿಟಕಿಯಿಂದ ನಂಬರು ಕೂಗಿ ಹೇಳಿತು. ನಮ್ಮೂರಿನ ಮಕ್ಕಳು ಈಗ ತಮ್ಮ ಮನೆಯ ನಂಬರಿಗಿಂತ ಮೊದಲು ಮುನ್ನೂರ ಹದಿನೇಳನ್ನು ಕಲಿಯುತ್ತಾರೆ.